ಸುಂಕದವನ ಮುಂದೆ ಸುಖದುಃಖ

“ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ” ಎಂಬ ಗಾದೆ ನಮ್ಮ ಹಿರಿಯರ ಅನುಭವದಿಂದ ಹುಟ್ಟಿದ್ದು. ತಲೆಯ ಮೇಲೆ ಬುಟ್ಟಿ ಹೊತ್ತು ಸಂತೆಗೆ ಬಂದ ಹೆಂಗಸಿಗೆ ಗಿರಾಕಿಗಿಂತ ಮೊದಲು ಎದುರಾಗುತ್ತಿದ್ದವನು ಸುಂಕದ ಗುತ್ತಿಗೆದಾರ. ಬದನೆಕಾಯಿ ಮಾರಲಿ ಬಿಡಲಿ, ಬುಟ್ಟಿ ನೆಲಕ್ಕಿಳಿದ ಕೂಡಲೆ ಅವನ ಕಾಸು ಅವನಿಗೆ ಸಲ್ಲಬೇಕು. ಆದಾಗ್ಯೂ ಆ ಸಂತೆಯಲ್ಲಿ ಒಂದು ನ್ಯಾಯವಿತ್ತು. ಸುಂಕ ಎಷ್ಟೆಂಬುದು ಬೆಳಗ್ಗೆಯೇ ತಿಳಿಯುತ್ತಿತ್ತು. ಕೊಟ್ಟು ಉಳಿದದ್ದು ಸೆರಗಿನ ಗಂಟಿನಲ್ಲಿ ಕೈಗೆ ಸಿಗುತ್ತಿತ್ತು. ಕೊಂಡವರ ಮುಖಪರಿಚಯವಾಗಿ, ಮುಂದಿನ ವಾರ ಅವರೇ ಹುಡುಕಿಕೊಂಡು ಬರುತ್ತಿದ್ದರು.

ಈಗಿನ ಸಂತೆ ಮೊಬೈಲಿನೊಳಗೆ ಬಂದು ಕುಳಿತಿದೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ನಮ್ಮ ಸಂಸಾರಗಳಲ್ಲಿ ಎಷ್ಟೋ ಮಂದಿ ಗೃಹಿಣಿಯರು, ನಿವೃತ್ತರು, ಉದ್ಯೋಗ ಅರಸುತ್ತಿರುವ ತರುಣರು ಆನ್‌ಲೈನ್ ಮಾರುಕಟ್ಟೆಗಳಲ್ಲಿ ಒಂದು ಪುಟ್ಟ ಅಂಗಡಿ ಇಟ್ಟಿರುವರು. ಒಬ್ಬರು ಕಸೂತಿಯ ಚೀಲ ಮಾರಿದರೆ, ಇನ್ನೊಬ್ಬರು ಚನ್ನಪಟ್ಟಣದ ಗೊಂಬೆ ತರಿಸಿ ಮಾರುವರು. ಇವರಲ್ಲಿ ಯಾರನ್ನು ಮಾತನಾಡಿಸಿದರೂ ಈಚೆಗೆ ಕೇಳಿಬರುವ ಮಾತು ಒಂದೇ: “ವ್ಯಾಪಾರ ಇಳಿಯಿತು, ಸುಂಕ ಏರಿತು.” ದಿನವಿಡೀ ಬಿಲ್ಲು, ವೋಚರುಗಳ ನಡುವೆ ಕಳೆಯುವ ಸರಕಾರಿ ಗುಮಾಸ್ತನಾದ ಈ ಲೇಖಕನಿಗೆ ವ್ಯಾಪಾರದ ಅನುಭವವಿಲ್ಲ, ಕೂಡಿ ಕಳೆಯುವ ಅಭ್ಯಾಸವಷ್ಟೇ ಇದೆ. ಆ ಅಭ್ಯಾಸದ ಬಲದಿಂದ ಈ ದೂರಿನ ಒಳಗುಟ್ಟನ್ನು ವಾಚಕರ ಮುಂದಿಡಲು ಇಲ್ಲಿ ಯತ್ನಿಸಿದ್ದೇನೆ.

ಸಂತೆ ಬೆಳೆದ ಬಗೆ

ನಮ್ಮ ದೇಶಕ್ಕೆ ಈ ಬಗೆಯ ಮಾರುಕಟ್ಟೆ ಹೊಸದೇನೂ ಅಲ್ಲ. 2000ದಲ್ಲಿ ಮುಂಬಯಿಯಲ್ಲಿ ‘ಬಾಜೀ’ ಎಂಬ ಸಂಸ್ಥೆ ಹುಟ್ಟಿತು. 2004ರಲ್ಲಿ ಅಮೆರಿಕದ ಈಬೇ ಅದನ್ನು ಕೊಂಡುಕೊಂಡಿತು. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರಾಟದಿಂದ ಆರಂಭವಾಯಿತು. ಅಮೆಜಾನಿನ ಭಾರತದ ಮಾರುಕಟ್ಟೆ 2013ರ ಜೂನ್ 5ರಂದು ತೆರೆಯಿತು. ಮೀಶೋ ಸಹ 2015ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ್ದು. ಹೀಗೆ ಈ ಹೊಸ ಸಂತೆಗೆ ಕನ್ನಡನಾಡಿನ ರಾಜಧಾನಿಯೇ ತೊಟ್ಟಿಲಾಯಿತೆಂದರೆ ಅತಿಶಯೋಕ್ತಿಯಾಗದು.

ಮಾರುಕಟ್ಟೆಯವನು ತಾನು ಸರಕು ಮಾರುವುದಿಲ್ಲ. ಕೊಳ್ಳುವವರು ಮಾರುವವರು ಕೂಡುವ ಜಾಗವನ್ನು ಒದಗಿಸಿ, ಅದಕ್ಕೆ ಕೂಲಿ ಪಡೆಯುವನು. ವಿದೇಶೀ ಬಂಡವಾಳವಿರುವ ಸಂಸ್ಥೆಗಳಿಗೆ ಸರಕಾರದ ಕಟ್ಟಳೆಯೂ ಹಾಗೆಯೇ ಇದೆ. ಮಾರುಕಟ್ಟೆಗೆ ಪಾಲುಬಂಡವಾಳವಿರುವ ಕಂಪೆನಿ ಅದೇ ಮಾರುಕಟ್ಟೆಯಲ್ಲಿ ಕುಳಿತು ಮಾರಕೂಡದೆಂಬ ನಿಯಮ 2019ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು.

ಈ ಜಾಗದ ಬೆಲೆ ಏರುವ ಕ್ರಮವನ್ನು ಗಮನಿಸಬೇಕು. ಸಂತೆ ಹೊಸದಾಗಿದ್ದಾಗ ಮಾರುವವರೇ ಇರುವುದಿಲ್ಲ. ಆಗ ದಲಾಲಿ ಕಡಿಮೆ, ಉಪಚಾರ ಹೆಚ್ಚು. ಸರಕನ್ನು ಮನೆಯ ಬಾಗಿಲಿಗೇ ಬಂದು ಒಯ್ಯುವರು. ಮಾರುವವರು ನೆರೆದಂತೆ ಕೊಳ್ಳುವವರು ನೆರೆಯುವರು. ಅವರನ್ನು ನೋಡಿ ಇನ್ನಷ್ಟು ಮಾರುವವರು ಬರುವರು. ಕಡೆಗೊಂದು ದಿನ ಇಬ್ಬರಿಗೂ ಬೇರೆ ಕಡೆ ಹೋಗುವುದು ಕಷ್ಟವಾಗುವುದು. ಆಗ ಏರುತ್ತದೆ ಸುಂಕ.

ಇದಕ್ಕೆ ಇನ್ನೊಂದು ತೊಡಕು ಸೇರುವುದು. ಊರ ಸಂತೆಯ ಮೈದಾನವನ್ನು ಬೇಕಾದರೆ ಹಿಗ್ಗಿಸಬಹುದು. ಅಂಗೈಯಗಲದ ಮೊಬೈಲಿನ ಪರದೆಯನ್ನು ಹಿಗ್ಗಿಸಲಾಗದು. ‘ಕೈಚೀಲ’ ಎಂದು ಹುಡುಕಿದವರಿಗೆ ಸಾವಿರಾರು ಚೀಲಗಳಿದ್ದರೂ ಮೊದಲ ನೋಟಕ್ಕೆ ಕಾಣುವುವು ನಾಲ್ಕಾರು. ಆ ನಾಲ್ಕಾರು ಜಾಗಗಳಲ್ಲಿ ಕೆಲವನ್ನು ಜಾಹೀರಾತಿಗೆಂದು ಹರಾಜು ಹಾಕುವರು. ದುಡ್ಡು ಕೊಟ್ಟವರು ಮೇಲೆ ಬಂದಂತೆ, ಕೊಡದವರು ತಾವಾಗಿಯೇ ಕೆಳಗಿಳಿಯುವರು. “ವ್ಯಾಪಾರ ಇಳಿಯಿತು” ಎಂಬ ದೂರೂ “ಸುಂಕ ಏರಿತು” ಎಂಬ ದೂರೂ ಬಹುಮಟ್ಟಿಗೆ ಇಲ್ಲಿ ಬಂದು ಒಂದಾಗುತ್ತವೆ.

ದೂರದೇಶದ ಒಂದು ದೃಷ್ಟಾಂತ

ಇದು ನಮ್ಮ ದೇಶದಲ್ಲಿ ಮಾತ್ರ ನಡೆದ ಕಥೆಯಲ್ಲ. ಕೈಕಸುಬಿನ ವಸ್ತುಗಳಿಗೆಂದೇ 2005ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಹುಟ್ಟಿದ ಎಟ್ಸಿ ಎಂಬ ಮಾರುಕಟ್ಟೆಯ ಚರಿತ್ರೆ ನಮಗೆ ಒಳ್ಳೆಯ ಪಾಠ. ಹೆಣೆದ ಟೋಪಿ, ಕೈಯಾರೆ ಮಾಡಿದ ಓಲೆ, ಮರದ ಆಟಿಕೆ ಇವೇ ಅಲ್ಲಿಯ ಸರಕು. ಮಾರಾಟವಾದ ವಸ್ತುವಿನ ಬೆಲೆಯ ಮೇಲೆ ಅದು ಬಹುಕಾಲ ನೂರಕ್ಕೆ 3.5ರಂತೆ ದಲಾಲಿ ಹಿಡಿಯುತ್ತಿತ್ತು. 2018ರ ಜುಲೈಯಲ್ಲಿ ಅದು ನೂರಕ್ಕೆ 5 ಆಯಿತು. ಅಂಚೆಯ ವೆಚ್ಚದ ಮೇಲೂ ಬಿದ್ದಿತು. 2022ರ ಏಪ್ರಿಲ್ 11ರಿಂದ ನೂರಕ್ಕೆ 6.5ಕ್ಕೆ ಏರಿತು. ನಡುವೆ 2020ರಲ್ಲಿ ಜಾಹೀರಾತಿನ ಹೊಸದೊಂದು ಏರ್ಪಾಡು ಬಂದಿತು. ಹೊರಗಿನ ಜಾಹೀರಾತನ್ನು ಒತ್ತಿ ಬಂದ ಗಿರಾಕಿ ಕೊಂಡರೆ ನೂರಕ್ಕೆ 15 ಬೇರೆ ಕೊಡಬೇಕು. ವರ್ಷಕ್ಕೆ 10,000 ಡಾಲರಿಗೆ ಮೇಲ್ಪಟ್ಟು ಮಾರುವವರಿಗೆ ಈ ದರ 12. ಆದರೆ ಅವರು ಬೇಡವೆನ್ನುವಂತಿಲ್ಲ.

2022ರ ಏಪ್ರಿಲ್ 11ರಿಂದ 18ರ ವರೆಗೆ ಸಾವಿರಾರು ಮಂದಿ ಮಾರಾಟಗಾರರು ಅಂಗಡಿ ಮುಚ್ಚಿ ಮುಷ್ಕರ ಹೂಡಿದರು. ಸುಂಕ ಮಾತ್ರ ಇಳಿಯಲಿಲ್ಲ. ಆ ಸಂಸ್ಥೆ ತಾನೇ ಪ್ರಕಟಿಸಿದ ವಾರ್ಷಿಕ ಲೆಕ್ಕವನ್ನು ನೋಡಿರಿ. ಅದರ ಒಡೆತನದ ಮಾರುಕಟ್ಟೆಗಳೆಲ್ಲ ಸೇರಿ 2021ರಲ್ಲಿ ಮಾರಾಟವಾದ ಸರಕು ಸುಮಾರು 1,350 ಕೋಟಿ ಡಾಲರಿನದು. 2024ರಲ್ಲಿ ಸುಮಾರು 1,260 ಕೋಟಿ ಡಾಲರಿನದು. ಆದರೆ ಸಂಸ್ಥೆಯ ವರಮಾನ ಅದೇ ಅವಧಿಯಲ್ಲಿ ಸುಮಾರು 233 ಕೋಟಿಯಿಂದ 281 ಕೋಟಿ ಡಾಲರಿಗೆ ಏರಿತು. ಎಂದರೆ ನೂರು ಡಾಲರಿನ ಮಾರಾಟದಲ್ಲಿ ಮೊದಲು 17 ಡಾಲರ್ ಮಾರುಕಟ್ಟೆಗೆ ಹೋಗುತ್ತಿದ್ದುದು, ಮೂರೇ ವರ್ಷಗಳಲ್ಲಿ 22 ಡಾಲರ್ ಆಯಿತು. ಸಂತೆಯಲ್ಲಿ ಸರಕು ಕಡಿಮೆ ಮಾರಿದರೂ ಸುಂಕದ ಪೆಟ್ಟಿಗೆ ತುಂಬುತ್ತಲೇ ಇರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಒಂದು ಮನೆಯ ಲೆಕ್ಕ

ಕೋಟಿಗಳ ಮಾತು ಸಾಕು. ಈಗ ನಮ್ಮಂಥವರ ಮನೆಗೆ ಬರೋಣ. ಡೊಂಬಿವಲಿಯಲ್ಲಿ ನಾವಿರುವ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಧಾರವಾಡದ ಕಡೆಯ ಗೃಹಿಣಿಯೊಬ್ಬರು ಇರುವರು. ನಾವೆಲ್ಲ ಅವರನ್ನು ವೈನಿ ಎಂದೇ ಕರೆಯುವುದು. ಬಟ್ಟೆಯ ಕೈಚೀಲದ ಮೇಲೆ ಗೋಪುರ, ತುಳಸಿಕಟ್ಟೆ, ತೇರುಗಳ ಕಸೂತಿ ಹಾಕುವುದು ಅವರ ಕೈಗೆ ಒಲಿದ ವಿದ್ಯೆ. ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ; ಎಳೆ ಎಣಿಸಿ ಸೂಜಿ ಆಡಿಸಬೇಕು. ಒಂದು ಚೀಲಕ್ಕೆ ಅವರಿಗೆ ಆರು ಗಂಟೆ ಬೇಕು. ಮಗಳ ಕಾಲೇಜಿನ ಫೀಸಿಗೆಂದು ಎರಡು ವರ್ಷಗಳಿಂದ ಒಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುತ್ತಿದ್ದಾರೆ.

ಒಂದು ರವಿವಾರ ಮೊಬೈಲ್ ಹಿಡಿದುಕೊಂಡು ಬಂದು ಕೇಳಿದರು: “ಇದರಾಗ ನೋಡಿದ್ರ ವ್ಯಾಪಾರ ಮೊದಲಿನಷ್ಟ ಅದ. ಬ್ಯಾಂಕಿನ್ಯಾಗ ರೊಕ್ಕ ಯಾಕ ಕಾಣವಲ್ದು?”

“ತಡೀರಿ ವೈನಿ, ಒಂದು ಹಾಳೆಯ ಮೇಲೆ ಬರೆದು ನೋಡೋಣ,” ಎಂದೆ.

ಆ ಹಾಳೆಯ ಲೆಕ್ಕವನ್ನು ಅವರ ಒಪ್ಪಿಗೆಯಿಂದ, ಅಂಕಿಗಳನ್ನು ದುಂಡುಮಾಡಿ ಇಲ್ಲಿ ಕೊಡುತ್ತೇನೆ. ಚೀಲದ ಬೆಲೆ 1,200 ರೂಪಾಯಿ. ಬಟ್ಟೆ, ದಾರ, ಒಳಪದರಗಳಿಗೆ 450 ರೂಪಾಯಿ. ಡಬ್ಬಿ, ಕಟ್ಟುವ ಖರ್ಚು 30 ರೂಪಾಯಿ. ಹತ್ತು ಚೀಲ ಕಳಿಸಿದರೆ ಎಂಟು ನಿಲ್ಲುವುವು, ಎರಡು ವಾಪಸು ಬರುವುವು.

ಎರಡು ವರ್ಷಗಳ ಹಿಂದೆ ಒಂದು ಚೀಲಕ್ಕೆ ನೂರಕ್ಕೆ 10ರಂತೆ 120 ರೂಪಾಯಿ ದಲಾಲಿ, 30 ರೂಪಾಯಿ ನಿಗದಿ ಶುಲ್ಕ, 80 ರೂಪಾಯಿ ಸಾಗಣೆ, ಇಷ್ಟರ ಮೇಲೆ ನೂರಕ್ಕೆ 18 ಜಿ.ಎಸ್.ಟಿ. ಒಟ್ಟು 271 ರೂಪಾಯಿ 40 ಪೈಸೆ. ವೆಚ್ಚವೆಲ್ಲ ಕಳೆದು ಚೀಲವೊಂದಕ್ಕೆ 448 ರೂಪಾಯಿ 60 ಪೈಸೆ ಉಳಿಯುತ್ತಿತ್ತು. ಎಂಟಕ್ಕೆ 3,588 ರೂಪಾಯಿ 80 ಪೈಸೆ. ವಾಪಸು ಬಂದ ಚೀಲಕ್ಕೆ ದಲಾಲಿ, ನಿಗದಿ ಶುಲ್ಕಗಳನ್ನು ಬಿಟ್ಟುಕೊಡುವರಾದರೂ ಹೋಗಿಬರುವ ಸಾಗಣೆಯನ್ನು ಮಾರಿದವರೇ ತೆರಬೇಕು. ಜಿ.ಎಸ್.ಟಿ., ಡಬ್ಬಿಯ ಖರ್ಚು ಸೇರಿ ಒಂದಕ್ಕೆ 218 ರೂಪಾಯಿ 80 ಪೈಸೆಯಂತೆ ಎರಡಕ್ಕೆ 437 ರೂಪಾಯಿ 60 ಪೈಸೆ ನಷ್ಟ. ಅದನ್ನು ಕಳೆದರೆ ಕೈಗೆ ಬಂದದ್ದು 3,151 ರೂಪಾಯಿ. ಅರವತ್ತು ಗಂಟೆಯ ದುಡಿತಕ್ಕೆ ಗಂಟೆಗೆ 52 ರೂಪಾಯಿ ಬಿದ್ದಿತು.

ಈಗ ದಲಾಲಿ ನೂರಕ್ಕೆ 14, ನಿಗದಿ ಶುಲ್ಕ 50 ರೂಪಾಯಿ. ಸಾಗಣೆ ಅಷ್ಟೇ ಇದೆ. ಜಿ.ಎಸ್.ಟಿ. ಸೇರಿ 351 ರೂಪಾಯಿ 64 ಪೈಸೆ. ಆದರೆ ಚೀಲ ಪರದೆಯ ಮೇಲೆ ಕಾಣುವುದೇ ನಿಂತುಹೋದುದರಿಂದ ಜಾಹೀರಾತು ಹಾಕಬೇಕಾಯಿತು. ಒಬ್ಬರು ಚಿತ್ರವನ್ನು ಒತ್ತಿ ನೋಡಿದರೆ 10 ರೂಪಾಯಿ. ಹನ್ನೆರಡು ಮಂದಿ ಒತ್ತಿದರೆ ಒಬ್ಬರು ಕೊಳ್ಳುವರು. ಎಂದರೆ ಆರ್ಡರು ಒಂದಕ್ಕೆ 120 ರೂಪಾಯಿ, ಜಿ.ಎಸ್.ಟಿ. ಸೇರಿ 141 ರೂಪಾಯಿ 60 ಪೈಸೆ. ಉಳಿದದ್ದು ಚೀಲಕ್ಕೆ 226 ರೂಪಾಯಿ 76 ಪೈಸೆ. ಎಂಟಕ್ಕೆ 1,814 ರೂಪಾಯಿ 8 ಪೈಸೆ. ಚೀಲ ವಾಪಸು ಬಂದರೂ ಜಾಹೀರಾತಿನ ದುಡ್ಡು ವಾಪಸು ಬಾರದು. ಆದುದರಿಂದ ಎರಡು ವಾಪಸಿನ ನಷ್ಟ 720 ರೂಪಾಯಿ 80 ಪೈಸೆ. ಕೊನೆಗೆ ಕೈಗೆ ಬಂದದ್ದು 1,093 ರೂಪಾಯಿ. ಗಂಟೆಗೆ 18 ರೂಪಾಯಿ!

ಎರಡು ಸಲವೂ ಮೊಬೈಲಿನಲ್ಲಿ ಮೂಡಿದ ಮಾರಾಟ ಒಂದೇ: 9,600 ರೂಪಾಯಿ. ವೈನಿಯವರು ಹಾಳೆಯನ್ನು ಎರಡು ಸಲ ನೋಡಿ, “ಅಂದ್ರ ನಾ ದುಡಿದದ್ದು ಅವರ ಜಾಹೀರಾತಿಗೇನು?” ಎಂದರು. ಅವರ ಅನುಮಾನ ದಿಟವೇ ಆಗಿತ್ತು. ಕಡಿಮೆಯಾದ 2,058 ರೂಪಾಯಿಯಲ್ಲಿ ದಲಾಲಿಯ ಏರಿಕೆಯಿಂದ ಹೋದದ್ದು 453, ನಿಗದಿ ಶುಲ್ಕದಿಂದ 189, ಜಾಹೀರಾತಿನಿಂದ 1,416.

ಈ ಹಾಳೆಯಿಂದ ಕಲಿಯಬೇಕಾದ ಮುಖ್ಯ ಮಾತೊಂದಿದೆ. ಸುಂಕವನ್ನು ಹಿಡಿಯುವುದು ಪೂರ್ತಿ ಬೆಲೆಯ ಮೇಲೆ. ಅದನ್ನು ತೆರುವುದು ಅಳಿದುಳಿದ ಲಾಭದಿಂದ. ನೂರಕ್ಕೆ ನಾಲ್ಕು ಏರಿತೆಂದರೆ ಕೇಳುವವರಿಗೆ ಅಲ್ಪವೆನಿಸುವುದು. ಆದರೆ 1,200 ರೂಪಾಯಿಯ ಮೇಲಿನ ನೂರಕ್ಕೆ ನಾಲ್ಕು, 448 ರೂಪಾಯಿಯ ಉಳಿತಾಯದಲ್ಲಿ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು. ಸಣ್ಣವರ ಉಳಿತಾಯ ತೆಳುವಾದುದು. ಆದ್ದರಿಂದಲೇ ದೊಡ್ಡ ಅಂಗಡಿಗೆ ತರಚುಗಾಯವಾಗುವ ಏರಿಕೆ ಚಿಕ್ಕ ಅಂಗಡಿಗೆ ಮೂಳೆ ಮುರಿದಂತಾಗುವುದು.

ಬಿಟ್ಟುಕೊಟ್ಟ ದಲಾಲಿ

ನ್ಯಾಯದ ಮಾತನ್ನೂ ಆಡಬೇಕು. ದಲಾಲಿ ಎಲ್ಲೆಡೆಯೂ ಏರಿಯೇ ಇದೆಯೆಂದಲ್ಲ. ಮೀಶೋ 2021ರಲ್ಲಿಯೇ ಮಾರಾಟಗಾರರಿಗೆ ದಲಾಲಿಯಿಲ್ಲವೆಂದು ಸಾರಿತು. ಅಮೆಜಾನ್ 2025ರ ಏಪ್ರಿಲ್ 7ರಿಂದ 300 ರೂಪಾಯಿಗೆ ಒಳಗಿನ ಕೋಟಿಗೂ ಹೆಚ್ಚು ಬಗೆಯ ಸರಕುಗಳಿಗೆ ದಲಾಲಿಯನ್ನು ತೆಗೆದಿತು. ಅದೇ ವರ್ಷದ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ 1,000 ರೂಪಾಯಿಗೆ ಒಳಗಿನ ಸರಕುಗಳಿಗೆ ದಲಾಲಿ ಬಿಡುವುದಾಗಿ ಪ್ರಕಟಿಸಿತು. ಇವು ಸಣ್ಣವರಿಗೆ ಅನುಕೂಲವೇ ಸರಿ. ಆದರೆ ದಲಾಲಿ ಹೋದ ಮಾತ್ರಕ್ಕೆ ಸಾಗಣೆ, ವಾಪಸು, ಜಾಹೀರಾತುಗಳ ಖರ್ಚು ಹೋಗುವುದಿಲ್ಲ. ದಲಾಲಿ ಸೊನ್ನೆಯಾದ ಕಡೆ ಮಾರುಕಟ್ಟೆ ತನ್ನ ವರಮಾನವನ್ನು ಸಾಗಣೆ, ಜಾಹೀರಾತುಗಳಿಂದಲೇ ಪಡೆಯಬೇಕಷ್ಟೆ. ದರಪಟ್ಟಿಯ ಮೊದಲ ಸಾಲನ್ನು ನೋಡಿ ಹಿಗ್ಗದೆ, ಕೊನೆಯ ಸಾಲನ್ನು ನೋಡಿ ತೀರ್ಮಾನಿಸುವುದು ಲೇಸು.

ಮಾರುಕಟ್ಟೆಯ ಉಪಕಾರವನ್ನೂ ಮರೆಯಬಾರದು. ಡೊಂಬಿವಲಿಯ ಅಡಿಗೆಮನೆಯ ಪಕ್ಕದಲ್ಲಿ ಹೊಲಿದ ಚೀಲವನ್ನು ನಾಗಪುರದ ಅಪರಿಚಿತರು ಕೊಳ್ಳುವಂತಾದದ್ದು, ಅವರ ಹಣ ಮೋಸವಿಲ್ಲದೆ ಬ್ಯಾಂಕಿಗೆ ಬರುವಂತಾದದ್ದು ಸಾಮಾನ್ಯ ಸಂಗತಿಯಲ್ಲ.

ನಾಗಪುರವೆಂದು ಬೇಕೆಂದೇ ಬರೆದೆ. ಮೊದಲು ಆನ್‌ಲೈನ್ ಮಾರುಕಟ್ಟೆಯಲ್ಲಿ ಸರಕು ಮಾರುವವರು ಎಷ್ಟೇ ಚಿಕ್ಕವರಾದರೂ ಜಿ.ಎಸ್.ಟಿ. ನೋಂದಣಿ ಮಾಡಿಸಲೇಬೇಕಾಗಿತ್ತು. 2023ರ ಅಕ್ಟೋಬರ್ 1ರಿಂದ ಇದು ಸಡಿಲವಾಗಿದೆ. ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ವರ್ಷದ ವಹಿವಾಟು 40 ಲಕ್ಷ ರೂಪಾಯಿಗೆ ಒಳಗಿದ್ದರೆ ನೋಂದಣಿಯಿಲ್ಲದೆ, ಬರಿಯ ದಾಖಲಾತಿ ಸಂಖ್ಯೆಯಿಂದ ಮಾರಬಹುದು. ಆದರೆ ತಮ್ಮ ರಾಜ್ಯದೊಳಗೆ ಮಾತ್ರ. ಡೊಂಬಿವಲಿಯ ಕಸೂತಿ ಈ ದಾರಿಯಲ್ಲಿ ನಾಗಪುರಕ್ಕೆ ಹೋಗಬಹುದು, ತವರೂರಾದ ಧಾರವಾಡಕ್ಕೆ ಹೋಗುವಂತಿಲ್ಲ! ಗಡಿ ದಾಟಿಸಬೇಕಾದರೆ ನೋಂದಣಿ ಬೇಕು. ನೋಂದಣಿಯಾದವರು ಮಾರುಕಟ್ಟೆಯ ಶುಲ್ಕಗಳ ಮೇಲೆ ತೆತ್ತ ಜಿ.ಎಸ್.ಟಿ.ಯನ್ನು ತಮ್ಮ ತೆರಿಗೆಯಲ್ಲಿ ವಜಾ ಪಡೆಯಬಹುದು. ನೋಂದಣಿಯಿಲ್ಲದವರಿಗೆ ಅದು ಪೂರ್ತಿ ಖರ್ಚೇ. ಜಿ.ಎಸ್.ಟಿ. ಲೆಕ್ಕಕ್ಕೆಂದು ಮಾರುಕಟ್ಟೆ ಹಿಡಿದಿಡುವ ನೂರಕ್ಕೆ ಅರ್ಧ ರೂಪಾಯಿ, ವರಮಾನ ತೆರಿಗೆಗೆಂದು ಹಿಡಿಯುವ ನೂರಕ್ಕೆ 10 ಪೈಸೆ ಇವು ಸುಂಕವಲ್ಲ; ಹೆಸರಿಗೆ ಜಮೆಯಾಗುವ ಹಣ. ಇವನ್ನು ಲೆಕ್ಕ ತೋರಿಸಿ ಪಡೆಯದೆ ಬಿಡುವುದು ನಮ್ಮ ಅಲಸಿಕೆ.

ಮಾಡಬೇಕಾದುದೇನು?

ಮೊದಲನೆಯದು, ಒಂದು ನೋಟುಬುಕ್ಕು. ಪ್ರತಿಯೊಂದು ಆರ್ಡರಿಗೂ ಬೆಲೆ, ಸರಕಿನ ಖರ್ಚು, ಮಾರುಕಟ್ಟೆಯ ಕಡಿತ, ಜಾಹೀರಾತು, ಉಳಿದದ್ದು ಎಂದು ಐದು ಅಂಕಣಗಳನ್ನು ಎಳೆದು ವಾರಕ್ಕೊಮ್ಮೆ ತುಂಬಬೇಕು. ತನ್ನ ದುಡಿತಕ್ಕೆ ಗಂಟೆಗಿಷ್ಟು ಎಂದು ಮೊದಲೇ ಬೆಲೆ ಕಟ್ಟಿಕೊಂಡು, ಅದಕ್ಕಿಂತ ಕೆಳಗೆ ಬಿದ್ದರೆ ಒಂದೋ ಬೆಲೆ ಏರಿಸಬೇಕು, ಇಲ್ಲವೇ ಆ ವಸ್ತುವನ್ನು ಅಲ್ಲಿ ಮಾರುವುದನ್ನು ನಿಲ್ಲಿಸಬೇಕು. ನಷ್ಟಕ್ಕೆ ಮಾರಿ ಹೆಸರು ಗಳಿಸುತ್ತೇನೆಂಬುದು ಹಣವಂತರ ಆಟ.

ಎರಡನೆಯದು, ಡಬ್ಬಿಯ ಅಳತೆ. ಸಾಗಣೆಯವರು ತೂಕವನ್ನು ಮಾತ್ರ ನೋಡುವುದಿಲ್ಲ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ, ಬಂದ ಕಿಲೋವನ್ನು ನಿಜವಾದ ತೂಕದೊಡನೆ ಹೋಲಿಸಿ, ಯಾವುದು ಹೆಚ್ಚೋ ಅದಕ್ಕೆ ದರ ಹಾಕುವರು. 400 ಗ್ರಾಮಿನ ಚೀಲವನ್ನು 40, 30, 15 ಸೆಂಟಿಮೀಟರಿನ ಡಬ್ಬಿಯಲ್ಲಿಟ್ಟರೆ ಅದು 3.6 ಕಿಲೋ ಎನಿಸುವುದು. ಮಡಿಸಿ 30, 25, 6 ಸೆಂಟಿಮೀಟರಿನ ಡಬ್ಬಿಯಲ್ಲಿಟ್ಟರೆ 0.9 ಕಿಲೋ. ಗಾಳಿಗೆ ಬಾಡಿಗೆ ಕೊಡುವುದೇತಕ್ಕೆ?

ಮೂರನೆಯದು, ಒಂದೇ ಸಂತೆಯನ್ನು ನಂಬಿ ಕೂರದಿರುವುದು. ಅಲ್ಲಿಯ ಗಿರಾಕಿ ಮಾರುಕಟ್ಟೆಯ ಗಿರಾಕಿ, ನಮ್ಮವನಲ್ಲ. ಈಬೇಯ ಭಾರತದ ಮಾರುಕಟ್ಟೆಯನ್ನು ಫ್ಲಿಪ್‌ಕಾರ್ಟ್ 2017ರಲ್ಲಿ ತನ್ನದಾಗಿಸಿಕೊಂಡು 2018ರ ಆಗಸ್ಟಿನಲ್ಲಿ ಮುಚ್ಚಿತು. ವರ್ಷಗಟ್ಟಲೆ ಕೂಡಿಸಿದ ಒಳ್ಳೆಯ ಹೆಸರು ಅಂಗಡಿಯ ಜೊತೆಗೇ ಹೋಯಿತು. ಹಾಗೆಂದು ಪೊಟ್ಟಣದೊಳಗೆ ಗುಟ್ಟಾಗಿ ಚೀಟಿ ಇಟ್ಟು ಗಿರಾಕಿಯನ್ನು ಹೊರಗೆ ಸೆಳೆಯುವುದು ಬೇಡ. ಅದು ಮಾರುಕಟ್ಟೆಯ ನಿಯಮಕ್ಕೆ ವಿರುದ್ಧವಾಗಿ, ಖಾತೆಗೇ ಕುತ್ತು ಬಂದೀತು. ನೆಂಟರಿಷ್ಟರು, ನೆರೆಹೊರೆ, ವಾಟ್ಸ್‌ಆಪ್ ಬಳಗ, ಹಬ್ಬದ ಮೇಳಗಳಿಂದ ತನ್ನದೇ ಆದ ಐವತ್ತು ನೂರು ಮಂದಿಯ ಪಟ್ಟಿಯೊಂದನ್ನು ಬೆಳೆಸಿಕೊಂಡರೆ ಅದು ಯಾರೂ ಕಸಿಯಲಾಗದ ಆಸ್ತಿ. ಕೊಳ್ಳುವವರ ಆಪು ಒಂದು, ಮಾರುವವರ ಆಪು ಇನ್ನೊಂದು ಆಗಿರಬಹುದಾದ ಓ.ಎನ್.ಡಿ.ಸಿ. ಎಂಬ ಜಾಲವೂ 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ಪ್ರಯೋಗಕ್ಕೆ ತೆರೆಯಿತು. ಆ ಬಾಗಿಲನ್ನೂ ತಟ್ಟಿ ನೋಡಬಹುದು.

ನಾಲ್ಕನೆಯದು, ಕಾನೂನನ್ನು ತಿಳಿದಿರುವುದು. 2020ರ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳಂತೆ, ಸರಕನ್ನು ಮೇಲೆ ಕೆಳಗೆ ತೋರಿಸುವುದರ ಮುಖ್ಯ ಆಧಾರಗಳನ್ನು ಮಾರುಕಟ್ಟೆ ವಿವರಿಸಬೇಕು. ಮಾರಾಟಗಾರರಲ್ಲಿ ಭೇದ ಮಾಡುವುದಾದರೆ ಅದನ್ನೂ ಕರಾರಿನಲ್ಲಿ ಹೇಳಬೇಕು. ಕೆಲವು ಮಾರಾಟಗಾರರಿಗೆ ಮಾತ್ರ ಮೇಲ್ಮಣೆ ಹಾಕಲಾಗುತ್ತಿದೆಯೆಂಬ ದೂರಿನ ಮೇಲೆ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್‌ಗಳ ವಿಚಾರಣೆಗೆ ಆಜ್ಞೆ ಮಾಡಿತು. ಅದನ್ನು ತಡೆಯಬೇಕೆಂದು ಆ ಸಂಸ್ಥೆಗಳು ಸಲ್ಲಿಸಿದ ಅರ್ಜಿಗಳನ್ನು ಕರ್ನಾಟಕದ ಉಚ್ಚ ನ್ಯಾಯಾಲಯ 2021ರ ಜೂನಿನಲ್ಲಿ ತಳ್ಳಿಹಾಕಿತು. ಒಂಟಿಯಾಗಿ ಹೇಳಿಕೊಂಡ ಸುಖದುಃಖ ಸುಂಕದವನ ಕಿವಿಗೆ ಬೀಳದು. ಹತ್ತು ಜನ ಕೂಡಿ, ಲೆಕ್ಕದೊಡನೆ ಹೇಳಿದರೆ ಕೇಳುವ ಸ್ಥಾನಗಳು ಉಂಟು.

ಕೊನೆಯ ಮಾತು ಕೊಳ್ಳುವವರಾದ ನಮಗೆಲ್ಲ ಸಂಬಂಧಿಸಿದ್ದು. ಎರಡು ಬಣ್ಣ ತರಿಸಿ ಒಂದನ್ನು ಹಿಂದಕ್ಕೆ ಕಳಿಸುವುದು, ಹಣ ಕೊಡುವ ಹೊತ್ತಿಗೆ “ಬೇಡ” ಎಂದು ಬಾಗಿಲು ಹಾಕುವುದು ನಮ್ಮ ಮನೆಗಳಲ್ಲಿ ಆಟದಂತಾಗಿದೆ. “ಅವರಿಗೇನು ಕಡಿಮೆ?” ಎನ್ನುತ್ತೇವೆ. ಅವರು ಯಾರು? ಮೇಲಿನ ಲೆಕ್ಕದಲ್ಲಿ ಒಂದು ಚೀಲ ವಾಪಸಾದರೆ ನಷ್ಟ 360 ರೂಪಾಯಿ. ಒಂದೂವರೆ ಚೀಲ ಮಾರಿದ ಉಳಿತಾಯಕ್ಕಿಂತ ಹೆಚ್ಚು. ಸರಕು ಕೆಟ್ಟಿದ್ದರೆ ಅಗತ್ಯವಾಗಿ ಹಿಂದಿರುಗಿಸೋಣ. ಮನಸ್ಸು ಬದಲಾಯಿತೆಂದು ಮಾತ್ರ ಬೇಡ.

ಹಾಗೆಯೇ ನಮ್ಮ ಸಂಘದ ಕಾರ್ಯಕಾರಿ ಮಂಡಲಿಗೆ ಒಂದು ವಿನಂತಿ. ಯುಗಾದಿ, ರಾಜ್ಯೋತ್ಸವಗಳ ದಿನ ಸಭಾಗೃಹದ ಹೊರಗೆ ನಾಲ್ಕು ಮೇಜು ಹಾಕಿಸಿ, ಮನೆಯಲ್ಲಿ ದುಡಿಯುವ ನಮ್ಮ ಸದಸ್ಯರಿಗೆ ಬಾಡಿಗೆಯಿಲ್ಲದೆ ಕೊಡಬಾರದೆ? ಈ ಪತ್ರಿಕೆಯಲ್ಲಿ ಅರ್ಧ ಪುಟವನ್ನು ಅವರ ಹೆಸರು, ವಸ್ತುಗಳ ಪಟ್ಟಿಗೆ ಮೀಸಲಿಡಬಾರದೆ? ಜಾಹೀರಾತೂ ವಾಪಸೂ ಇಲ್ಲದೆ ಮೇಜಿನ ಮೇಲೆ ಮಾರಿದ ಒಂದು ಚೀಲಕ್ಕೆ 700 ರೂಪಾಯಿಗೂ ಮಿಕ್ಕಿ ಉಳಿಯುವುದು. ವರ್ಷಕ್ಕೆ ಎರಡು ಹಬ್ಬ, ಹಬ್ಬಕ್ಕೆ ಹತ್ತು ಚೀಲ ಹೋದರೂ ಒಂದು ಹುಡುಗಿಯ ಫೀಸಿಗೆ ಹದಿನಾಲ್ಕು ಸಾವಿರ ಕೂಡಿದಂತಾಯಿತು. ಆ ಸಂತೆಯನ್ನು ನಡೆಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ.